ನಿಂತಿದೆಯೇ

ಹದಿನಾಲ್ಕು ತಿಂಗಳಾಯಿತು, ಎಂದೆ.
ಹದಿನಾಲ್ಕನೇ ನಂಬರಿನ ಟ್ರಾಮ್ ಓಡಿಸುವವಳಿಗೆ
ಈ ಲೆಕ್ಕವೊಂದು ತಪ್ಪುವುದಿಲ್ಲ.
ಮೂರನೇ ಕೀಮೋ ಆದ ವಾರ,
ಸಮವಸ್ತ್ರದ ಕಾಲರಿನ ತುಂಬ ಕೂದಲು ಉದುರಿದ ವಾರ,
ಹೇಳದೆ ಕೇಳದೆ ಅದೂ ನಿಂತಿತ್ತು.

ಡಾಕ್ಟರ್ ಹಲೂಜನ್ ಪೆನ್ನು ತಿರುಗಿಸುತ್ತ ಕೂತರು.
ನಲವತ್ತೇಳು ಅತ್ತಲಿನ ವಯಸ್ಸೂ ಅಲ್ಲ, ಇತ್ತಲಿನದೂ ಅಲ್ಲ.
ನಿಂತದ್ದು ಬೇರೆ ದುಬ್ರಾವ್ಕಾ, ಮುಗಿದದ್ದು ಬೇರೆ.

ಅದನ್ನು ನನಗೆ ಹೇಳಿಕೊಡಬೇಕೆ?
ದಿನಕ್ಕೆಷ್ಟು ಸಲ ನಿಲ್ಲುತ್ತೇನೆ ನಾನು!
ಕೆಂಪು ದೀಪಕ್ಕೆ,
ಹಳಿಯ ಮೇಲೆ ಕಾರು ಬಿಟ್ಟು
ಬ್ರೆಡ್ಡು ತರಲು ಹೋದ ಮಹಾರಾಯನಿಗೆ,
ಸಾವಾ ನದಿಯ ಸೇತುವೆ ಮೇಲೆ ಕರೆಂಟು ಹೋದಾಗ
ಸುಮ್ಮನೆ, ನೀರು ನೋಡುತ್ತ.
ಆಗೆಲ್ಲ ಯಾರಾದರೊಬ್ಬರು ಗಾಜು ತಟ್ಟಿ ಕೇಳುತ್ತಾರೆ:
ಇಳಿಯೋದಾ, ಕೂರೋದಾ?

ಹೊಸ ಮಾತ್ರೆಯೊಂದಿದೆಯಂತೆ,
ಈಗ ನುಂಗುತ್ತಿರುವುದಕ್ಕಿಂತ ಗಟ್ಟಿಯಾದದ್ದು.
ಷರತ್ತು ಒಂದೇ: ಅಂಡಾಶಯ ನಿಜವಾಗಿ ಮಲಗಿರಬೇಕು.
ಬರೀ ಜೋಂಪು ಹತ್ತಿದ್ದರೆ
ಮಾತ್ರೆಯೇ ಭುಜ ಅಲ್ಲಾಡಿಸಿ ಎಬ್ಬಿಸಿಬಿಡುತ್ತದೆ.
ಎದ್ದದ್ದು ಸುಮ್ಮನಿರುತ್ತದೆಯೆ,
ನಾವು ಉಪವಾಸ ಕೆಡವಿದ ಗಡ್ಡೆಗೇ ಬಡಿಸುತ್ತದೆ.

ಅದಕ್ಕೇ ರಕ್ತವನ್ನು ಕೇಳೋಣ, ಎಂದರು.

ಎರಡು ಸಂಖ್ಯೆ ಬಂದವು.
ಮೊದಲನೆಯದು ಎಫ್‌ಎಸ್‌ಎಚ್, ನಲವತ್ತೊಂದು.
ಅದು ತಲೆಯೊಳಗಿನ ಪುಟ್ಟ ಗ್ರಂಥಿ ಬಾಗಿಲು ಬಡಿಯುವ ಸದ್ದು,
ಒಳಗಿನಿಂದ ಯಾರೂ ಓಗೊಡದಿದ್ದರೆ
ಇನ್ನೂ ಜೋರಾಗಿ ಬಡಿಯುತ್ತದೆ.
ಇಷ್ಟು ಜೋರೆಂದರೆ ಮನೆ ಖಾಲಿ ಎನ್ನಬಹುದು.
ಎರಡನೆಯದು ಈಸ್ಟ್ರಡಯಾಲ್, ನೂರಾ ಹನ್ನೆರಡು.
ಖಾಲಿ ಮನೆಯೊಳಗೆ
ಯಾರೋ ಕೆಮ್ಮಿದ ಹಾಗೆ.

ಯಂತ್ರ ಹಳೆಯದು, ಎಂದರು ಹಲೂಜನ್,
ಇಷ್ಟು ಸಣ್ಣ ಪ್ರಮಾಣ ಅದರ ಕಣ್ಣಿಗೆ ಮಂಜು.
ಇನ್ನೂ ಸೂಕ್ಷ್ಮವಾದ ಕಡೆಗೆ ಕಳಿಸೋಣ.
ಅಂದಹಾಗೆ, ನಿಮ್ಮ ತಾಯಿಗೆ ಯಾವಾಗ ನಿಂತಿತು?

ಅಮ್ಮನಿಗೆ ಫೋನು ಮಾಡಿದೆ.
ಕಾರ್ಲೊವಾಟ್ಸ್‌ನಲ್ಲಿ ಅವಳು ಎಲೆಕೋಸು ಉಪ್ಪಿಗೆ ಹಾಕುತ್ತಿದ್ದಳು,
ಸ್ಪೀಕರಿನಲ್ಲಿ ಚಾಕುವಿನ ಟಕ ಟಕ.
ಯುದ್ಧದ ಚಳಿಗಾಲ, ಎಂದಳು. ನೆಲಮಾಳಿಗೆಯಲ್ಲಿದ್ದೆವಲ್ಲ, ಆಗ.
ಎಣಿಸಲು ಬೇರೆ ಏನೇನೋ ಇತ್ತು, ಇದನ್ನು ಯಾರು ಎಣಿಸುತ್ತಾರೆ?
ಚಾಕು ನಿಂತಿತು.
ಆಮೇಲೆ, ಕಿಟಕಿಗೆ ಹೊಸ ಗಾಜು ಹಾಕಿಸಿದ ವರ್ಷ,
ಒಂದೇ ಒಂದು ಸಲ ಬಂತು.
ಪಕ್ಕದ ಮನೆ ಬಾರಿತ್ಸಾಳ ಹತ್ತಿರ ಹತ್ತಿ ಸಾಲ ತಂದೆ.
ನಾಚಿಕೆಯಾಯಿತು ನೋಡು,
ಸತ್ತರೆಂದು ಅತ್ತು ಮುಗಿಸಿದವರು
ಊಟದ ಹೊತ್ತಿಗೆ ಬಂದು ನಿಂತ ಹಾಗೆ.

ಇದನ್ನು ಹೇಳಿದಾಗ ಡಾಕ್ಟರ್
ಬರೆದುಕೊಳ್ಳಲಿಲ್ಲ. ಪೆನ್ನು ಮಾತ್ರ ಕೆಳಗಿಟ್ಟರು.

ಜನವರಿ. ಹೊರಗೆ ಮೈನಸ್ ಆರು.
ಮಿಹಾಲ್ಯೆವಾಟ್ಸ್ ಬಿಡುವಾಗ
ಎದೆಯಿಂದ ಕಿವಿಯವರೆಗೆ ಬೆಂಕಿಯೇರಿ
ಚಾಲಕಿಯ ಕಿಟಕಿ ಪೂರ್ತಿ ತೆರೆದೆ.
ತುಪ್ಪಳದ ಟೋಪಿಯ ಅಜ್ಜಿಯೊಬ್ಬಳು ಬಯ್ಯಲು ಬಂದವಳು
ನನ್ನ ಕೆಂಪು ಮುಖ ನೋಡಿ
ಕೈಚೀಲದಿಂದ ಹಳೆಯ ಪತ್ರಿಕೆ ತೆಗೆದು ಕೊಟ್ಟಳು,
ಬೀಸಿಕೋ.
ಅವಳಿಗೆ ಗೊತ್ತಿತ್ತು, ಒಂದು ಹನಿ ರಕ್ತವಿಲ್ಲದೆ.
ಆದರೆ ಬೆಂಕಿಯೂ ಸಾಕ್ಷಿಗೆ ಆಗುವುದಿಲ್ಲ,
ಈಗಿನ ಮಾತ್ರೆಯೂ ಇದೇ ಬೆಂಕಿ ಹಚ್ಚುತ್ತದೆ.

ಎರಡನೇ ಯಂತ್ರದ ಉತ್ತರ ಬಂತು: ಮೂವತ್ತೊಂದು.
ಕಡಿಮೆ. ಸಾಕಷ್ಟು ಕಡಿಮೆಯೋ?
ಈ ಮಾತ್ರೆಯೇ ಮುಂದುವರಿಯಲಿ,
ಮಾರ್ಚಿಯಲ್ಲಿ ಮತ್ತೆ ತೋಳು ಚಾಚಿ, ಎಂದರು.

ಮುಟ್ಟು ಎಂದರೆ ತಲುಪು ಎಂದೂ ಅರ್ಥ.
ಝಾಪ್ರುಜೆ ಮುಟ್ಟಿದೆ, ಕೊನೆಯ ನಿಲ್ದಾಣ, ಎಲ್ಲರೂ ಇಳಿದರು.
ಇಲ್ಲಿ ಹಳಿ ಮುಗಿಯುವುದಿಲ್ಲ,
ಒಂದು ಸುತ್ತು ಹಾಕಿ ಬಂದ ದಾರಿಗೇ ಸೇರುತ್ತದೆ.
ಹೊರಡಲು ಇನ್ನೂ ಏಳು ನಿಮಿಷ.
ಥರ್ಮಸ್ಸಿನ ಚಹಾ ಆರಿದೆ.
ಫೋನಿನಲ್ಲಿ ಅಮ್ಮ: ನಿಂತಿದೆಯಾ?
ಹೌದಮ್ಮ, ಎಂದೆ,
ಟ್ರಾಮ್ ನಿಂತಿದೆ.